ರಿಪೋರ್ಟ್‌ನಲ್ಲಿ ಕಾಣಿಸದ ಕಾಲಂ ನಿಜಕ್ಕೂ ಬೇಡದ್ದೇ? ಪವರ್ ಬಿಐ ಮಾಡೆಲ್‌ನಲ್ಲಿ ಬಳಕೆಯಿಲ್ಲದ ಫೀಲ್ಡ್‌ಗಳ ಪತ್ತೆ

ಬೆಳಿಗ್ಗೆ ಒಂಬತ್ತಕ್ಕೆ ಪೀಣ್ಯದ ಗೋದಾಮಿನಲ್ಲಿ ಸ್ಟಾಕ್ ರಿಪೋರ್ಟ್ ತೆರೆದರೆ ಮೊನ್ನೆಯ ಅಂಕಿಯೇ ನಿಂತಿದೆ. ಪವರ್ ಬಿಐನ ರಿಫ್ರೆಶ್ ಹಿಸ್ಟರಿ (ಮೂಲದಿಂದ ಹೊಸ ಡೇಟಾ ತಂದ ದಾಖಲೆ) ನೋಡಿದರೆ ರಾತ್ರಿ ಶುರುವಾದ ರಿಫ್ರೆಶ್ ಎರಡು ಗಂಟೆ ಓಡಿ ನಿಂತುಹೋಗಿದೆ. ಇಂಥ ಹೊತ್ತಿನಲ್ಲಿ ಮೊದಲ ಅನುಮಾನ ಗೇಟ್‌ವೇ (ಕಚೇರಿಯ ಡೇಟಾಬೇಸನ್ನು ಪವರ್ ಬಿಐಗೆ ಜೋಡಿಸುವ ಸೇತುವೆ) ಮೇಲೆ, ಆಮೇಲೆ ನೆಟ್‌ವರ್ಕ್ ಮೇಲೆ ಬೀಳುತ್ತದೆ. ರಿಫ್ರೆಶ್ ಹಿಸ್ಟರಿಯಲ್ಲಿ ಹಿಂದಿನ ಕೆಲವು ವಾರಗಳ ಅವಧಿಯನ್ನು ಸಾಲಾಗಿ ಬರೆದುಕೊಂಡರೆ ದಾರಿ ತಿಳಿಯುತ್ತದೆ. ನಿನ್ನೆಯವರೆಗೆ 40 ನಿಮಿಷ ಇದ್ದದ್ದು ಒಂದೇ ರಾತ್ರಿಯಲ್ಲಿ ಎರಡು ಗಂಟೆಗೆ ಹಾರಿದ್ದರೆ ತೊಂದರೆ ಮೂಲ ಡೇಟಾಬೇಸ್‌ನಲ್ಲೋ ಗೇಟ್‌ವೇಯಲ್ಲೋ ಇರಬೇಕು. 40, 55, 70, 95 ಎಂದು ಮೆಲ್ಲಗೆ ಏರುತ್ತ ಬಂದಿದ್ದರೆ ಮಾಡೆಲ್, ಅಂದರೆ ರಿಪೋರ್ಟ್‌ನ ಹಿಂದಿರುವ ಟೇಬಲ್ ಮತ್ತು ಲೆಕ್ಕಗಳ ಕಟ್ಟು, ದಪ್ಪವಾಗುತ್ತಿದೆ. ಈ ಬರಹ ಆ ಎರಡನೆಯ ಸ್ಥಿತಿಗೆ.

ಪ್ರೊ ಲೈಸೆನ್ಸ್‌ನಲ್ಲಿ ಒಂದು ಮಾಡೆಲ್‌ಗೆ 1 ಜಿಬಿ ಮಿತಿ, ಒಂದು ರಿಫ್ರೆಶ್‌ಗೆ 2 ಗಂಟೆ, ದಿನಕ್ಕೆ 8 ನಿಗದಿತ ರಿಫ್ರೆಶ್. ಪ್ರೀಮಿಯಂನಲ್ಲಿ 5 ಗಂಟೆ, ದಿನಕ್ಕೆ 48. ಪೂರ್ತಿ ರಿಫ್ರೆಶ್ ನಡೆಯುವಾಗ ಹೊಸ ಪ್ರತಿ ಸಿದ್ಧವಾಗುವವರೆಗೆ ಹಳೆಯದೂ ಮೆಮೊರಿಯಲ್ಲೇ ಇರುತ್ತದೆ. ಹಾಗಾಗಿ ಬೇಡದ ಕಾಲಂ ಒಂದು ಇದ್ದರೆ ಆ ಹೊತ್ತಿನಲ್ಲಿ ಅದರ ಭಾರ ಇಮ್ಮಡಿ.

ಬೇಡದ ಕಾಲಂ ಒಳಗೆ ಬರುವುದು ಹೀಗೆ: ಮೊದಲ ದಿನ ಇಡೀ ಟೇಬಲ್ಲನ್ನೋ ವ್ಯೂವನ್ನೋ ಎಳೆದುಕೊಂಡು, ಆಮೇಲೆ ಒಂದೆರಡು ಕಾಲಂಗಳನ್ನು ಮಾತ್ರ ತೆಗೆದಿರುತ್ತಾರೆ. ಮುಂದೆ ಮೂಲದವರು ಆ ವ್ಯೂಗೆ ಹೊಸ ಕಾಲಂ ಸೇರಿಸುತ್ತಾರೆ. ಸರ್ವಿಸ್‌ನಲ್ಲಿ (ಪವರ್ ಬಿಐನ ಆನ್‌ಲೈನ್ ಭಾಗ) ನಡೆಯುವ ನಿಗದಿತ ರಿಫ್ರೆಶ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಯಾರಾದರೂ ಡೆಸ್ಕ್‌ಟಾಪ್‌ನಲ್ಲಿ ಫೈಲ್ ತೆರೆದು ರಿಫ್ರೆಶ್ ಒತ್ತಿದ ಕೂಡಲೇ ಹೇಳದೆ ಕೇಳದೆ ಬಂದು ಕೂರುತ್ತದೆ. ಮೂರು ವರ್ಷ ಹೀಗೆ ನಡೆದರೆ ಯಾವ ಕಾಲಂ ಯಾರಿಗಾಗಿ ಬಂತು ಎಂದು ಹೇಳುವವರೇ ಇರುವುದಿಲ್ಲ.

ಮೊದಲು ತೂಕ, ಆಮೇಲೆ ಬಳಕೆ

120 ಕಾಲಂ ಇರುವ ಮಾಡೆಲ್‌ನಲ್ಲಿ ಒಂದೊಂದರ ಬಳಕೆಯನ್ನೂ ಹುಡುಕುತ್ತ ಕೂತರೆ ವಾರ ಕಳೆಯುತ್ತದೆ, ಸಿಗುವ ಲಾಭ ಅಷ್ಟಿರುವುದಿಲ್ಲ. ಮೊದಲು ಯಾವುದು ಭಾರ ಎಂದು ತಿಳಿದುಕೊಳ್ಳಿ. ಡ್ಯಾಕ್ಸ್ ಸ್ಟುಡಿಯೋ ಎಂಬ ಉಚಿತ ಉಪಕರಣವನ್ನು ತೆರೆದಿರುವ ಫೈಲ್‌ಗೆ ಜೋಡಿಸಿ, ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ವ್ಯೂ ಮೆಟ್ರಿಕ್ಸ್ ಒತ್ತಿ, ಕಾಲಂಗಳ ಪಟ್ಟಿಯನ್ನು ಒಟ್ಟು ಗಾತ್ರದ ಮೇಲೆ ಇಳಿಕೆ ಕ್ರಮದಲ್ಲಿ ಜೋಡಿಸಿ. ಮೇಲಿನ ಹತ್ತು ಹದಿನೈದು ಸಾಲುಗಳಲ್ಲೇ ಮಾಡೆಲ್‌ನ ಬಹುಪಾಲು ತೂಕ ಸಿಗುವುದು ಸಾಮಾನ್ಯ.

ಪವರ್ ಬಿಐನ ವರ್ಟಿಪ್ಯಾಕ್ ಎಂಜಿನ್ ಡೇಟಾವನ್ನು ಸಾಲು ಸಾಲಾಗಿ ಇಡುವುದಿಲ್ಲ, ಕಾಲಂ ಕಾಲಂ ಆಗಿ ಇಡುತ್ತದೆ. ಒಂದು ಕಾಲಂನಲ್ಲಿ ಎಷ್ಟು ಬೇರೆ ಬೇರೆ ಮೌಲ್ಯಗಳಿವೆಯೋ ಅವುಗಳನ್ನು ಡಿಕ್ಷನರಿಯಲ್ಲಿ ಒಮ್ಮೆ ಬರೆದು, ಸಾಲುಗಳಲ್ಲಿ ಕ್ರಮಸಂಖ್ಯೆಯನ್ನಷ್ಟೇ ಇಡುತ್ತದೆ. ಆದ್ದರಿಂದ ಕಾಲಂನ ತೂಕ ಸಾಲುಗಳ ಲೆಕ್ಕಕ್ಕಿಂತ ಹೆಚ್ಚಾಗಿ ಮೌಲ್ಯಗಳ ವೈವಿಧ್ಯದ ಮೇಲೆ, ಅಂದರೆ ಕಾರ್ಡಿನಾಲಿಟಿಯ ಮೇಲೆ ನಿಂತಿದೆ. 50 ಲಕ್ಷ ಸಾಲಿನ ಮಾರಾಟದ ಟೇಬಲ್ಲಿನಲ್ಲಿ ಹೌದು-ಇಲ್ಲ ಎಂಬ ಎರಡೇ ಮೌಲ್ಯಗಳ ಕಾಲಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದೇ ಟೇಬಲ್ಲಿನಲ್ಲಿ ಪ್ರತಿ ಸಾಲಿಗೂ 36 ಅಕ್ಷರದ ಗುಯಿಡ್ (ಎಲ್ಲೂ ಮರುಕಳಿಸದ ಗುರುತಿನ ಸಂಕೇತ) ಇದೆ ಎನ್ನಿ. ಅಕ್ಷರಕ್ಕೆ 2 ಬೈಟ್‌ನಂತೆ ಒಂದಕ್ಕೆ 72 ಬೈಟ್, 50 ಲಕ್ಷಕ್ಕೆ 36 ಕೋಟಿ ಬೈಟ್. ಕಚ್ಚಾ ಲೆಕ್ಕದಲ್ಲಿ ಸುಮಾರು 340 ಎಂಬಿ, ಬರೀ ಡಿಕ್ಷನರಿಗೆ! 1 ಜಿಬಿ ಮಿತಿಯ ಮೂರನೇ ಒಂದು ಪಾಲು ಅಲ್ಲಿಗೇ ಹೋಯಿತು. ನಲವತ್ತು ಸಣ್ಣ ಕಾಲಂ ತೆಗೆದರೂ ಇಷ್ಟು ಜಾಗ ಸಿಗುವುದಿಲ್ಲ.

ಸೆಕೆಂಡ್‌ವರೆಗೆ ಸಮಯ ಹೊತ್ತ ದಿನಾಂಕದ ಕಾಲಂ ಇನ್ನೊಂದು ದೊಡ್ಡ ಹೊರೆ. ದಿನಕ್ಕೆ 86,400 ಸೆಕೆಂಡ್, ವರ್ಷಕ್ಕೆ 3,15,36,000 ಬೇರೆ ಬೇರೆ ಮೌಲ್ಯ ಬರಬಹುದು. ಅದನ್ನೇ ದಿನಾಂಕ, ಸಮಯ ಎಂದು ಎರಡು ಕಾಲಂ ಮಾಡಿದರೆ 365 ಮತ್ತು 86,400. ನಿಮಿಷದ ವರೆಗೆ ಸಾಕೆಂದಾದರೆ 1,440. ಕಾಲಂ ಬಳಕೆಯಲ್ಲಿದೆ, ತೆಗೆಯುವಂತಿಲ್ಲ ಎಂದು ಗೊತ್ತಾದಾಗ ಕೈಚೆಲ್ಲಬೇಕಿಲ್ಲ. ಹೀಗೆ ಒಡೆದರೂ ತೂಕ ಇಳಿಯುತ್ತದೆ.

ಮೆಟ್ರಿಕ್ಸ್ ಪಟ್ಟಿಯಲ್ಲಿ ಲೋಕಲ್‌ಡೇಟ್‌ಟೇಬಲ್ ಎಂದು ಶುರುವಾಗಿ ಉದ್ದದ ಬಾಲ ಇರುವ ಟೇಬಲ್‌ಗಳು ಕಂಡರೆ ಅಲ್ಲೇ ನಿಲ್ಲಿ. ಆಟೋ ಡೇಟ್ ಟೈಮ್ ಆನ್ ಆಗಿದ್ದರೆ ಪವರ್ ಬಿಐ ದಿನಾಂಕದ ಕಾಲಂಗೊಂದು ಗುಪ್ತ ಟೇಬಲ್ ಕಟ್ಟುತ್ತದೆ, ಅತಿ ಹಳೆಯ ವರ್ಷದ ಜನವರಿ 1ರಿಂದ ಅತಿ ಹೊಸ ವರ್ಷದ ಡಿಸೆಂಬರ್ 31ರವರೆಗೆ, ದಿನಕ್ಕೊಂದು ಸಾಲು. ಇಆರ್‌ಪಿಗಳಲ್ಲಿ (ಕಂಪನಿಯ ವ್ಯವಹಾರ ನಡೆಸುವ ತಂತ್ರಾಂಶ) ಖಾಲಿ ದಿನಾಂಕಕ್ಕೆ 1900 ಎಂದೂ, ಮುಕ್ತಾಯವಿಲ್ಲದ ಕರಾರಿಗೆ 31-12-9999 ಎಂದೂ ತುಂಬುವ ರೂಢಿ ಇದೆ. ಎರಡೂ ಒಂದೇ ಕಾಲಂನಲ್ಲಿದ್ದರೆ ಆ ಗುಪ್ತ ಟೇಬಲ್ಲಿಗೆ 8,100 ವರ್ಷ, ಅಂದರೆ 29.5 ಲಕ್ಷಕ್ಕೂ ಹೆಚ್ಚು ಸಾಲು. ಆಪ್ಷನ್ಸ್‌ನ ಡೇಟಾ ಲೋಡ್ ವಿಭಾಗದಲ್ಲಿ ಇದನ್ನು ಆಫ್ ಮಾಡಬಹುದು. ಅದಕ್ಕೂ ಮೊದಲು ಯಾವ ವಿಷುವಲ್‌ಗಳು (ರಿಪೋರ್ಟ್‌ನಲ್ಲಿ ಕಾಣುವ ಚಾರ್ಟ್, ಟೇಬಲ್‌ಗಳು) ಡೇಟ್ ಹೈರಾರ್ಕಿಯ ವರ್ಷ, ತಿಂಗಳನ್ನು ಬಳಸುತ್ತಿವೆ ಎಂದು ನೋಡಿ, ಅವನ್ನು ನಿಮ್ಮದೇ ಕ್ಯಾಲೆಂಡರ್ ಟೇಬಲ್ಲಿಗೆ ಬದಲಿಸಿ. ಇಲ್ಲವಾದರೆ ಆಫ್ ಮಾಡಿದ ಕೂಡಲೇ ಅವು ಒಡೆಯುತ್ತವೆ.

ಮಾಡೆಲ್ ಒಳಗಿನ ಕೊಂಡಿಗಳು

ಭಾರದ ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಕಾಲಂ ಬಗ್ಗೆ ಮೊದಲ ಪ್ರಶ್ನೆ: ಮಾಡೆಲ್ ಒಳಗೆ ಇದನ್ನು ಹಿಡಿದುಕೊಂಡಿರುವುದು ಯಾವುದು? ಡಿಸ್ಕವರ್ ಕ್ಯಾಲ್ಕ್ ಡಿಪೆಂಡೆನ್ಸಿ ಎಂಬ ಡಿಎಂವಿ (ಮಾಡೆಲ್‌ನ ಒಳವಿವರ ಕೊಡುವ ಸಿದ್ಧ ಪಟ್ಟಿ) ಇದಕ್ಕೆಂದೇ ಇದೆ. ಅದನ್ನು ಡ್ಯಾಕ್ಸ್ ಸ್ಟುಡಿಯೋದಲ್ಲಿ ಓಡಿಸಬಹುದು, ಇಲ್ಲವೇ ಡೆಸ್ಕ್‌ಟಾಪ್‌ನ ಡ್ಯಾಕ್ಸ್ ಕ್ವೆರಿ ವ್ಯೂನಲ್ಲಿ ಇನ್ಫೋ ಡಾಟ್ ಕ್ಯಾಲ್ಕ್ ಡಿಪೆಂಡೆನ್ಸಿ ಫಂಕ್ಷನ್‌ನಿಂದ ಪಡೆಯಬಹುದು. ಯಾವ ಮೆಷರ್ (ಡ್ಯಾಕ್ಸ್ ಎಂಬ ಸೂತ್ರ ಭಾಷೆಯಲ್ಲಿ ಬರೆದ ಲೆಕ್ಕ), ಯಾವ ಕ್ಯಾಲ್ಕ್ಯುಲೇಟೆಡ್ ಕಾಲಂ, ಯಾವ ರಿಲೇಷನ್‌ಶಿಪ್, ಯಾವ ರೋಲ್‌ನ (ಯಾರಿಗೆ ಯಾವ ಸಾಲು ಕಾಣಬೇಕೆಂಬ ನಿಯಮ) ಫಿಲ್ಟರ್ ಯಾವ ಕಾಲಂ ಮೇಲೆ ನಿಂತಿದೆ ಎಂದು ಸಾಲು ಸಾಲಾಗಿ ಕೊಡುತ್ತದೆ. ಡಿಎಂವಿ ಕ್ವೆರಿಯಲ್ಲಿ ಎರಡು ಪಟ್ಟಿಗಳನ್ನು ಜಾಯಿನ್ ಮಾಡಲು ಬರುವುದಿಲ್ಲ. ಕಾಲಂಗಳ ಪಟ್ಟಿ ಒಂದು, ಕೊಂಡಿಗಳ ಪಟ್ಟಿ ಒಂದು ಎಂದು ಬೇರೆ ಬೇರೆ ತೆಗೆದು ಎಕ್ಸೆಲ್‌ನಲ್ಲಿ ಹೊಂದಿಸಿ. ಒಂದು ಕಾಲಂ ಇನ್ನೊಂದಕ್ಕೆ ಸಾರ್ಟ್ ಬೈ ಕಾಲಂ ಆಗಿದೆಯೇ ಎಂಬುದನ್ನು ಮಾತ್ರ ಕಾಲಂಗಳ ಪಟ್ಟಿಯಲ್ಲೇ ಬೇರೆಯಾಗಿ ನೋಡಬೇಕು. ತಿಂಗಳ ಕ್ರಮಸಂಖ್ಯೆಯ ಕಾಲಂ ತೆಗೆದು, ಆಮೇಲೆ ಚಾರ್ಟ್‌ನಲ್ಲಿ ಅಕ್ಟೋಬರ್, ಆಗಸ್ಟ್, ಏಪ್ರಿಲ್ ಅಕ್ಷರಕ್ರಮದಲ್ಲಿ ಬರುವುದು ಇದನ್ನು ಮರೆತಾಗ.

ಮಾಡೆಲ್ ತಿದ್ದುವ ಟ್ಯಾಬ್ಯುಲರ್ ಎಡಿಟರ್ ಎಂಬ ಉಪಕರಣದ ಬೆಸ್ಟ್ ಪ್ರಾಕ್ಟೀಸ್ ಅನಲೈಸರ್‌ನಲ್ಲೂ ಬೇಡದ ಕಾಲಂ ಹುಡುಕುವ ನಿಯಮವಿದೆ. ಆದರೆ ಅದು ಪರೀಕ್ಷಿಸುವುದು ಹೈಡ್ ಆಗಿರುವ ಕಾಲಂಗಳನ್ನು ಮಾತ್ರ. ಎದುರಿಗೇ ಕಾಣುವಂತಿದ್ದು ಯಾರೂ ಮುಟ್ಟದ ಕಾಲಂ ಅದರ ಕಣ್ಣಿಗೆ ಬೀಳದು. ಅದು ಏನೂ ಹೇಳಲಿಲ್ಲವೆಂದು ಮಾಡೆಲ್ ಚೊಕ್ಕಟವಾಗಿದೆ ಎಂದುಕೊಳ್ಳಬೇಡಿ.

ಇಲ್ಲಿ ಸರಪಣಿಯ ತೊಡಕೊಂದಿದೆ. ಒಂದು ಕಾಲಂ ಒಂದು ಮೆಷರ್‌ಗೆ ಬೇಕು, ಆ ಮೆಷರ್ ಇನ್ನೊಂದಕ್ಕೆ ಬೇಕು, ಕೊನೆಯದ್ದು ಯಾವ ವಿಷುವಲ್‌ನಲ್ಲೂ ಇಲ್ಲ. ಪಟ್ಟಿ ನೋಡಿದರೆ ಕಾಲಂ ಬಳಕೆಯಲ್ಲಿದೆ ಎನ್ನಿಸುತ್ತದೆ. ಹಾಗಾಗಿ ಮೊದಲು ಯಾರೂ ಕರೆಯದ ಮೆಷರ್‌ಗಳನ್ನು ತೆಗೆಯಿರಿ, ಆಮೇಲೆ ಕ್ಯಾಲ್ಕ್ಯುಲೇಟೆಡ್ ಕಾಲಂ, ಕೊನೆಗೆ ಮೂಲದಿಂದ ಬಂದ ಕಾಲಂ. ಒಂದು ಸುತ್ತು ಮುಗಿದ ಮೇಲೆ ಮತ್ತೆ ಅದೇ ಪಟ್ಟಿ ತೆಗೆಯಿರಿ. ಹೊಸದಾಗಿ ಬಿಡುಗಡೆಯಾದವು ಸಿಗುತ್ತವೆ. ಎರಡು ಮೂರು ಸುತ್ತು ಬೇಕಾಗುತ್ತದೆ.

ರೋಲ್‌ನ ಫಿಲ್ಟರ್ ಬಗ್ಗೆ ಒಂದು ಮಾತು. 1 ನವೆಂಬರ್ 2014ರಂದು ರಾಜ್ಯದ 12 ಊರುಗಳ ಹೆಸರು ಬದಲಾಯಿತು. ಹಳೆಯ ಮಾಸ್ಟರ್ ಟೇಬಲ್‌ಗಳಲ್ಲಿ ಬ್ಯಾಂಗಲೋರ್, ಮೈಸೋರ್, ಬೆಲ್ಗಾಮ್ ಎಂದಿರುವ ಕಾಲಂ ಒಂದು, ಬೆಂಗಳೂರು, ಮೈಸೂರು, ಬೆಳಗಾವಿ ಎಂದಿರುವುದು ಇನ್ನೊಂದು ಹೀಗೆ ಎರಡೂ ಉಳಿದಿರಬಹುದು. ರಿಪೋರ್ಟ್‌ಗಳೆಲ್ಲ ಹೊಸದನ್ನೇ ತೋರಿಸುತ್ತವೆ. ಹಳೆಯದು ಬೇಡವೆಂದು ತೆಗೆಯುವ ಮೊದಲು ಮ್ಯಾನೇಜ್ ರೋಲ್ಸ್ ತೆರೆದು ನೋಡಿ: ಡಿಪೋ ಮ್ಯಾನೇಜರ್‌ಗಳ ರೋಲ್ ಇನ್ನೂ ಹಳೆಯ ಕಾಲಂ ಮೇಲೆ ನಿಂತಿರಬಹುದು. ವರ್ಕ್‌ಸ್ಪೇಸ್‌ನ ಅಡ್ಮಿನ್, ಮೆಂಬರ್, ಕಾಂಟ್ರಿಬ್ಯೂಟರ್‌ಗಳಿಗೆ ಈ ಫಿಲ್ಟರ್ ಅನ್ವಯಿಸುವುದೇ ಇಲ್ಲ, ಹಾಗಾಗಿ ಕಾಲಂ ತೆಗೆದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ತೊಂದರೆ ಡಿಪೋದಲ್ಲಿರುವವರಿಗೆ. ವ್ಯೂ ಆ್ಯಸ್ ಬಳಸಿ ಪ್ರತಿ ರೋಲ್‌ನಲ್ಲೂ ಒಮ್ಮೆ ತೆರೆದು ನೋಡದೆ ಈ ಕೆಲಸ ಮುಗಿಯಿತು ಎನ್ನಬೇಡಿ.

ರಿಪೋರ್ಟ್ ಫೈಲ್ ಒಳಗೆ ಹುಡುಕುವುದು

ಡಿಎಂವಿಗೆ ವಿಷುವಲ್‌ಗಳ ಸುದ್ದಿ ಗೊತ್ತಿಲ್ಲ. ಯಾವ ಚಾರ್ಟ್, ಯಾವ ಸ್ಲೈಸರ್ ಯಾವ ಫೀಲ್ಡ್ ಬಳಸುತ್ತಿದೆ ಎಂಬುದು ರಿಪೋರ್ಟ್‌ನ ವ್ಯಾಖ್ಯೆಯಲ್ಲಿದೆ. ಹಳೆಯ ಪಿಬಿಐಎಕ್ಸ್ ಫೈಲ್ ನಿಜದಲ್ಲಿ ಒಂದು ಜಿಪ್. ಪ್ರತಿ ಮಾಡಿಕೊಂಡು ಎಕ್ಸ್‌ಟೆನ್ಷನ್ ಬದಲಿಸಿ ಬಿಚ್ಚಿದರೆ ರಿಪೋರ್ಟ್ ಫೋಲ್ಡರ್‌ನಲ್ಲಿ ಲೇಔಟ್ ಎಂಬ ಫೈಲ್ ಸಿಗುತ್ತದೆ. ಹುಡುಕುವವರು ಎಡವುವುದು ಇಲ್ಲೇ. ಆ ಫೈಲ್ ಇರುವುದು ಯುಟಿಎಫ್-16 ಎಂಬ ಅಕ್ಷರ ಎನ್‌ಕೋಡಿಂಗ್‌ನಲ್ಲಿ. ಯುಟಿಎಫ್-8 ಎಂದುಕೊಂಡು ಗ್ರೆಪ್ ಮಾಡಿದರೆ (ಪಠ್ಯ ಹುಡುಕಿದರೆ) ಯಾವ ಹೆಸರೂ ಸಿಗುವುದಿಲ್ಲ, ಎಲ್ಲ ಕಾಲಂಗಳೂ ಬೇಡದವು ಎಂಬ ಉತ್ತರ ಬರುತ್ತದೆ. ಬಳಕೆಯಲ್ಲಿದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಫೀಲ್ಡ್‌ನ ಹೆಸರನ್ನು ಮೊದಲು ಹುಡುಕಿ. ಅದು ಸಿಕ್ಕರೆ ಮಾತ್ರ ಮುಂದಿನ ಹುಡುಕಾಟಕ್ಕೆ ಬೆಲೆ.

ಎನ್‌ಕೋಡಿಂಗ್ ಸರಿಪಡಿಸಿದ ಮೇಲೂ ಟೇಬಲ್ ಹೆಸರು, ಚೌಕ ಆವರಣದಲ್ಲಿ ಕಾಲಂ ಹೆಸರು ಎಂಬ ಡ್ಯಾಕ್ಸ್ ರೂಪದಲ್ಲಿ ಹುಡುಕಿದರೆ ಸಿಗದು. ಅಲ್ಲಿ ಟೇಬಲ್ ಎಂಟಿಟಿ ಎಂಬ ಕೀಲಿಯ ಎದುರು, ಕಾಲಂ ಪ್ರಾಪರ್ಟಿ ಎಂಬ ಕೀಲಿಯ ಎದುರು, ದೂರ ದೂರ ಇರುತ್ತವೆ. ನಡುವೆ ಟೇಬಲ್ಲಿಗೆ ಒಂದಕ್ಷರದ ಅಡ್ಡಹೆಸರೂ ಇರುತ್ತದೆ. ಗ್ರಾಹಕ, ಸರಕು, ಡಿಪೋ ಮೂರೂ ಟೇಬಲ್‌ಗಳಲ್ಲಿ ಹೆಸರು ಎಂಬ ಕಾಲಂ ಇದ್ದರೆ ಪ್ರಾಪರ್ಟಿಯನ್ನು ಮಾತ್ರ ನೋಡಿ ತೀರ್ಮಾನಿಸುವಂತಿಲ್ಲ, ಅಡ್ಡಹೆಸರು ಯಾವ ಎಂಟಿಟಿಗೆ ಸೇರಿದ್ದೆಂದು ಬಿಡಿಸಿಕೊಳ್ಳಬೇಕು. ಫೈಲನ್ನು ಪವರ್ ಬಿಐ ಪ್ರಾಜೆಕ್ಟ್ ರೂಪದಲ್ಲಿ, ರಿಪೋರ್ಟ್ ಭಾಗವನ್ನು ಪಿಬಿಐಆರ್ ಆಗಿ ಉಳಿಸಿಕೊಂಡರೆ ಈ ಕಷ್ಟ ಬಹಳ ತಗ್ಗುತ್ತದೆ. ಪ್ರತಿ ವಿಷುವಲ್‌ಗೂ ಒಂದು ಜೇಸನ್ ಫೈಲ್, ಓದಲು ಬರುವಂತೆ ಇರುತ್ತದೆ. ವಿಎಸ್ ಕೋಡ್‌ನಲ್ಲಿ ಫೋಲ್ಡರ್ ತೆರೆದು ಹುಡುಕಬಹುದು.

ಕಣ್ಣಿಗೆ ಕಾಣದ ಜಾಗಗಳು ಹಲವಿವೆ. ವಿಷುವಲ್, ಪುಟ, ಇಡೀ ರಿಪೋರ್ಟ್ ಮೂರೂ ಮಟ್ಟದ ಫಿಲ್ಟರ್‌ಗಳು, ಡ್ರಿಲ್‌ಥ್ರೂ ಫೀಲ್ಡ್, ಟೂಲ್‌ಟಿಪ್ ಪುಟ, ಬಣ್ಣ ಬದಲಿಸುವ ಕಂಡಿಷನಲ್ ಫಾರ್ಮ್ಯಾಟಿಂಗ್, ಬುಕ್‌ಮಾರ್ಕ್ ಒಳಗೆ ಉಳಿದ ಸ್ಥಿತಿ, ಫೀಲ್ಡ್ ಪ್ಯಾರಾಮೀಟರ್. ಇದಕ್ಕೆ ತಿರುಗುಮುರುಗಾದದ್ದೂ ಉಂಟು: ಸೆಲೆಕ್ಷನ್ ಪೇನ್‌ನಲ್ಲಿ ಮರೆಮಾಡಿ ಬಿಟ್ಟ ಹಳೆಯ ಟೇಬಲ್ ವಿಷುವಲ್ ಒಂದು, ಯಾವ ಬಟನ್ನೂ ಕರೆದೊಯ್ಯದ ಹಿಡನ್ ಪುಟ ಒಂದು, ಎರಡೂ ಸೇರಿ ಹತ್ತಾರು ಕಾಲಂಗಳನ್ನು ಬಳಕೆಯಲ್ಲಿವೆ ಎಂದು ತೋರಿಸುತ್ತವೆ. ಅಂಥ ಪುಟ ಟೂಲ್‌ಟಿಪ್ಪೋ ಡ್ರಿಲ್‌ಥ್ರೂವೋ ಅಲ್ಲವೆಂದು ಖಚಿತಪಡಿಸಿಕೊಂಡು ಮೊದಲು ಪುಟವನ್ನೇ ತೆಗೆಯಿರಿ.

ಇದೆಲ್ಲ ಕೈಯಲ್ಲಿ ಮಾಡುವ ವಿಧಾನ. ಮೆಷರ್ ಕಿಲ್ಲರ್ ಎಂಬ ಉಪಕರಣ ಮಾಡೆಲ್ ಮತ್ತು ರಿಪೋರ್ಟ್ ಎರಡನ್ನೂ ಒಟ್ಟಿಗೆ ಓದಿ ಪಟ್ಟಿ ಕೊಡುತ್ತದೆ, ಸಮಯ ಬಹಳ ಉಳಿಯುತ್ತದೆ. ಅದರ ಪಟ್ಟಿಯನ್ನು ಅನುಮಾನಿತರ ಪಟ್ಟಿ ಎಂದಷ್ಟೇ ತಿಳಿಯಿರಿ. ಅದಕ್ಕೆ ತೋರಿಸಿದ ರಿಪೋರ್ಟ್‌ಗಳ ಆಚೆ ಏನಿದೆ ಎಂದು ಅದಕ್ಕೂ ತಿಳಿಯದು.

ಕನ್ನಡ ಹೆಸರಿನ ಕಾಲಂಗಳಲ್ಲಿ ಬರುವ ತಪ್ಪು

ಕಾಲಂಗಳಿಗೆ ಕನ್ನಡದಲ್ಲೇ ಹೆಸರಿಟ್ಟಿರುವ ಮಾಡೆಲ್‌ಗಳಲ್ಲಿ ಹೋಲಿಕೆ ತಪ್ಪುವುದು ಹೆಚ್ಚು. ಕಾರಣ ಬರಹದ ಕೋಡ್‌ನಲ್ಲಿದೆ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಇನ್‌ವಾಯ್ಸ್ ಎಂದು ಬರೆಯುವಾಗ ನ್ ಆದ ಮೇಲೆ ಯು+200ಸಿ ಎಂಬ ಕಾಣದ ಅಕ್ಷರ ಕೂರುತ್ತದೆ. ಅದಿಲ್ಲದಿದ್ದರೆ ವ ಒತ್ತಕ್ಷರವಾಗಿಬಿಡುತ್ತದೆ. ಇಂಥ ಅಕ್ಷರ ಪದದ ಕೊನೆಯಲ್ಲಿ ಸೇರಿಕೊಂಡರೆ ಕಣ್ಣಿಗೆ ಸುಳಿವೇ ಇರುವುದಿಲ್ಲ. ಒಂದು ಪಟ್ಟಿಯಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆ ಕೂಡುವುದಿಲ್ಲ. ಕೊನೆ ದಿನಾಂಕ ಎಂಬಲ್ಲಿನ ಒಕಾರವನ್ನು ಯು+0ಸಿಸಿಎ ಎಂಬ ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಊಕಾರ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಅಂತಿಮ ದರ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ ಬರಹವೂ ಹಳೆಯ ಶೀಟ್‌ಗಳಲ್ಲಿ ಸಿಗುತ್ತದೆ. ಹೋಲಿಸುವ ಮೊದಲು ಎರಡೂ ಪಟ್ಟಿಗಳನ್ನು ಎನ್‌ಎಫ್‌ಸಿ (ಒಡೆದ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್) ರೂಪಕ್ಕೆ ತನ್ನಿ, 200ಸಿ ಮತ್ತು 200ಡಿ ಅಕ್ಷರಗಳನ್ನು ತೆಗೆಯಿರಿ, ಅಕ್ಷರದ ಪಕ್ಕ ಕೂತ ಸೊನ್ನೆಯನ್ನು ಅನುಸ್ವಾರ ಮಾಡಿ. ಇದು ಹೋಲಿಕೆಗೆ ಮಾತ್ರ. ಮಾಡೆಲ್‌ನಲ್ಲಿರುವ ನಿಜವಾದ ಹೆಸರನ್ನು ಮುಟ್ಟಬೇಡಿ. ಪೈಥಾನ್‌ನಲ್ಲಿ ಜೇಸನ್ ಮರುಬರೆದರೆ ಅದು ತಾನಾಗಿ ಕನ್ನಡ ಅಕ್ಷರಗಳನ್ನು ಬ್ಯಾಕ್‌ಸ್ಲ್ಯಾಶ್-ಯು ಸಂಕೇತಗಳಾಗಿಸುತ್ತದೆ. ಎನ್‌ಶೂರ್ ಆಸ್ಕಿಯನ್ನು ಫಾಲ್ಸ್ ಮಾಡದೆ ಅಂಥ ಫೈಲ್‌ನಲ್ಲಿ ಕನ್ನಡ ಹೆಸರು ಹುಡುಕಿದರೆ ಸಿಗುವುದಿಲ್ಲ.

ಫೈಲ್‌ನ ಆಚೆ ಬಳಸುವವರು

ಒಂದು ಮಾಡೆಲ್ ಮೇಲೆ ಬೇರೆ ಬೇರೆ ಫೈಲ್‌ಗಳ ರಿಪೋರ್ಟ್‌ಗಳು ಲೈವ್ ಆಗಿ ನಿಂತಿರುತ್ತವೆ. ಅವುಗಳಲ್ಲಿ ಬರೆದ ಮೆಷರ್‌ಗಳು ಆಯಾ ರಿಪೋರ್ಟ್‌ನಲ್ಲೇ ಇರುತ್ತವೆ, ಮಾಡೆಲ್‌ನ ಡಿಎಂವಿಯಲ್ಲಿ ಅವುಗಳ ಗುರುತೇ ಇಲ್ಲ. ಮಾಡೆಲ್‌ನ ಲಿನಿಯೇಜ್ ವ್ಯೂ ತೆರೆದು ಇಂಪ್ಯಾಕ್ಟ್ ಅನಾಲಿಸಿಸ್ ನೋಡಿ, ಬೇರೆ ವರ್ಕ್‌ಸ್ಪೇಸ್‌ನವೂ ಸೇರಿದಂತೆ ಎಲ್ಲ ರಿಪೋರ್ಟ್‌ಗಳ ಪಟ್ಟಿ ಮಾಡಿಕೊಳ್ಳಿ. ಒಂದೊಂದಕ್ಕೂ ಮೇಲಿನ ಹುಡುಕಾಟ ನಡೆಯಬೇಕು.

ಇದಕ್ಕಿಂತ ಕಷ್ಟ ಎಕ್ಸೆಲ್‌ನದು. ಲೆಕ್ಕಪತ್ರ ವಿಭಾಗದವರು ಅನಲೈಸ್ ಇನ್ ಎಕ್ಸೆಲ್ ಮೂಲಕ ಪಿವಟ್ ಮಾಡಿ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿರುತ್ತಾರೆ. ಆ ಫೈಲ್ ನಿಮ್ಮ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಪ್ರೀಮಿಯಂ ವರ್ಕ್‌ಸ್ಪೇಸ್ ಆಗಿದ್ದರೆ ಕ್ವೆರಿಗಳ ದಾಖಲೆ ಇಡುವ ಲಾಗ್ ಅನಲಿಟಿಕ್ಸ್ ಜೋಡಿಸಿ ಕ್ವೆರಿ ಎಂಡ್ ಘಟನೆಗಳ ಪಠ್ಯದಲ್ಲಿ ಕಾಲಂ ಹೆಸರು ಹುಡುಕಬಹುದು. ರಿಪೋರ್ಟ್‌ನಿಂದ ಬಂದ ಡ್ಯಾಕ್ಸ್‌ನಲ್ಲಿ ಟೇಬಲ್ ಹೆಸರಿನ ನಂತರ ಚೌಕ ಆವರಣದಲ್ಲಿ ಕಾಲಂ ಇರುತ್ತದೆ. ಎಕ್ಸೆಲ್‌ನಿಂದ ಬಂದ ಎಂಡಿಎಕ್ಸ್ ಎಂಬ ಕ್ವೆರಿ ಭಾಷೆಯಲ್ಲಿ ಟೇಬಲ್ ಕೂಡ ಚೌಕ ಆವರಣದಲ್ಲಿದ್ದು ನಡುವೆ ಚುಕ್ಕೆ ಇರುತ್ತದೆ. ಎರಡೂ ರೂಪದಲ್ಲಿ ಹುಡುಕಿ. ಪ್ರೊದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಬಿಲ್ಡ್ ಅನುಮತಿ (ಮಾಡೆಲ್ ಮೇಲೆ ಹೊಸ ರಿಪೋರ್ಟ್ ಕಟ್ಟುವ ಹಕ್ಕು) ಯಾರಿಗಿದೆ ಎಂದು ತೆಗೆದು, ಆ ಪಟ್ಟಿಯಲ್ಲಿರುವವರನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು. ಪೇಜಿನೇಟೆಡ್ ರಿಪೋರ್ಟ್, ಪವರ್ ಆಟೊಮೇಟ್‌ನಲ್ಲಿ ಕ್ವೆರಿ ಓಡಿಸುವ ಫ್ಲೋ, ವಿಳಾಸದಲ್ಲೇ ಫಿಲ್ಟರ್ ಬರೆದು ಮೇಲ್‌ನಲ್ಲಿ ಹಂಚಿದ ಲಿಂಕ್ ಇವನ್ನೂ ಅದೇ ಮಾತಿನಲ್ಲಿ ವಿಚಾರಿಸಿ.

ಲಾಗ್ ಎಷ್ಟು ದಿನದ್ದು ಎಂಬುದೂ ಮುಖ್ಯ. ತಿಂಗಳಿನ ಲಾಗ್ ನೋಡುವುದಾದರೆ ಅದರೊಳಗೆ ಜಿಎಸ್‌ಟಿಆರ್-1 ಸಲ್ಲಿಸುವ 11ನೇ ತಾರೀಖು, ಜಿಎಸ್‌ಟಿಆರ್-3ಬಿಯ 20ನೇ ತಾರೀಖು ಎರಡೂ ಬಂದಿರಬೇಕು. ವಾರ್ಷಿಕ ಜಿಎಸ್‌ಟಿಆರ್-9ಕ್ಕೆ ಡಿಸೆಂಬರ್ 31 ಗಡುವು, ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಎಚ್‌ಎಸ್‌ಎನ್ (ಸರಕಿನ ತೆರಿಗೆ ಸಂಕೇತ) ವಾರು ವಿವರದ ಕೆಲವು ಕಾಲಂಗಳನ್ನು ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಕಚೇರಿಗಳಿವೆ. ಆಯುಧಪೂಜೆಯಿಂದ ದೀಪಾವಳಿವರೆಗಿನ ಸ್ಕೀಮ್ ಕೋಡ್ ಜೂನ್ ತಿಂಗಳ ಲಾಗ್‌ನಲ್ಲಿ ಸಿಗುವುದಿಲ್ಲ. ತೆರಿಗೆ, ಆಡಿಟ್, ಹಬ್ಬದ ಸ್ಕೀಮ್ ಈ ಮೂರಕ್ಕೆ ಸೇರಿದ ಕಾಲಂಗಳನ್ನು ಲಾಗ್ ನೋಡಿ ತೆಗೆಯಬೇಡಿ, ಆಯಾ ವಿಭಾಗದವರಿಂದ ಲಿಖಿತವಾಗಿ ಪಡೆದು ತೆಗೆಯಿರಿ.

ಹೈಡ್ ಮಾಡುವುದು ಪರೀಕ್ಷೆಯಲ್ಲ

ತಿಂಗಳು ಹೈಡ್ ಮಾಡಿಡೋಣ, ಯಾರೂ ಕೇಳದಿದ್ದರೆ ತೆಗೆಯೋಣ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಅದು ತಪ್ಪು. ಹೈಡ್ ಆದ ಕಾಲಂ ಫೀಲ್ಡ್ ಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೆ. ಈಗಾಗಲೇ ಇರುವ ವಿಷುವಲ್, ಪಿವಟ್, ಫಿಲ್ಟರ್ ಎಲ್ಲವೂ ಎಂದಿನಂತೆ ನಡೆಯುತ್ತವೆ. ಯಾರಿಗೂ ತೊಂದರೆಯಾಗದ ಮೇಲೆ ಯಾರೂ ಕೇಳುವುದಿಲ್ಲ. ತಿಂಗಳ ಮೌನದಿಂದ ತಿಳಿದದ್ದು ಏನೂ ಇಲ್ಲ.

ಹೊರಗಿನ ಬಳಕೆ ನಿಜವಾಗಿ ಹೊರಬರುವುದು ಹೆಸರು ಬದಲಿಸಿದಾಗ. ಒಂದೇ ಮಾಡೆಲ್‌ನೊಳಗೆ ಡೆಸ್ಕ್‌ಟಾಪ್ ಮೆಷರ್‌ಗಳನ್ನೂ ಅದೇ ಫೈಲ್‌ನ ವಿಷುವಲ್‌ಗಳನ್ನೂ ತಾನೇ ಸರಿಪಡಿಸಿಕೊಳ್ಳುತ್ತದೆ. ಹೊರಗಿನ ರಿಪೋರ್ಟ್ ಮತ್ತು ಎಕ್ಸೆಲ್ ಹಿಡಿದುಕೊಂಡಿರುವುದು ಹೆಸರನ್ನು, ಹಾಗಾಗಿ ಅವು ಒಡೆಯುತ್ತವೆ. ಡೇಟಾ ಒಳಗೇ ಇದೆ, ಹಳೆಯ ಹೆಸರು ಕೊಟ್ಟರೆ ಎಲ್ಲ ಮೊದಲಿನಂತೆ. ಮುಂಚಿತವಾಗಿ ತಿಳಿಸಿ, ತಿಂಗಳ ನಡುವೆ ಗಡುವಿಲ್ಲದ ವಾರ ನೋಡಿ, ಒಂದು ಬಾರಿಗೆ ಐದಾರು ಕಾಲಂಗಳಿಗೆ ಮಾತ್ರ ಇದನ್ನು ಮಾಡಿ.

ತೆಗೆಯುವ ಕ್ರಮ

1. ಮೂಲ ಫೈಲ್‌ನ ಪ್ರತಿ ಎತ್ತಿಡಿ, ದಿನಾಂಕ ಹಾಕಿ. ಮೆಟ್ರಿಕ್ಸ್‌ನ ವಿಪಿಎಎಕ್ಸ್ ಫೈಲನ್ನೂ ಜೊತೆಗಿಡಿ.
2. ಮುಖ್ಯ ಮೆಷರ್‌ಗಳ ತಿಂಗಳುವಾರು, ಡಿಪೋವಾರು ಮೊತ್ತವನ್ನು ಡ್ಯಾಕ್ಸ್ ಸ್ಟುಡಿಯೋದಿಂದ ಸಿಎಸ್‌ವಿ ಆಗಿ ತೆಗೆದಿಡಿ.
3. ಪವರ್ ಕ್ವೆರಿಯಲ್ಲಿ (ಡೇಟಾ ಒಳತರುವ ಹಂತಗಳಿರುವ ಭಾಗ) ಆದಷ್ಟು ಮೇಲಿನ ಹಂತದಲ್ಲಿ ಚೂಸ್ ಕಾಲಮ್ಸ್ ಬಳಸಿ ಬೇಕಾದವನ್ನು ಆರಿಸಿ.
4. ರಿಫ್ರೆಶ್ ಮಾಡಿ, ಅದೇ ಮೊತ್ತಗಳನ್ನು ಮತ್ತೆ ತೆಗೆದು ಹೋಲಿಸಿ.

ಮೂರನೆಯದನ್ನು ಬಿಡಿಸಿ ಹೇಳಬೇಕು. ಡೆಸ್ಕ್‌ಟಾಪ್‌ನ ಫೀಲ್ಡ್ ಪಟ್ಟಿಯಲ್ಲಿ ಕಾಲಂ ಡಿಲೀಟ್ ಮಾಡಿದರೆ ಪವರ್ ಕ್ವೆರಿಯ ಕೊನೆಗೆ ರಿಮೂವ್ಡ್ ಕಾಲಮ್ಸ್ ಎಂಬ ಹಂತ ಸೇರುತ್ತದೆ. ಮೂಲ ಎಸ್‌ಕ್ಯುಎಲ್ ಡೇಟಾಬೇಸ್ ಆಗಿದ್ದು, ನಡುವಿನ ಯಾವುದೋ ಹಂತದಲ್ಲಿ ಫೋಲ್ಡಿಂಗ್ (ಹಂತಗಳನ್ನು ಡೇಟಾಬೇಸ್‌ನಲ್ಲೇ ನಡೆಸುವುದು) ಮುರಿದಿದ್ದರೆ, ಉದಾಹರಣೆಗೆ ಟೇಬಲ್ ಬಫರ್ ಇದ್ದರೆ, ಆ ಕಾಲಂ ಇನ್ನೂ ಡೇಟಾಬೇಸ್‌ನಿಂದ ಗೇಟ್‌ವೇವರೆಗೆ ಬರುತ್ತಲೇ ಇರುತ್ತದೆ. ಮಾಡೆಲ್ ಸಣ್ಣದಾದರೂ ರಿಫ್ರೆಶ್ ಸಮಯ ಇಳಿಯುವುದಿಲ್ಲ. ಹಂತದ ಮೇಲೆ ರೈಟ್ ಕ್ಲಿಕ್ ಮಾಡಿ ವ್ಯೂ ನೇಟಿವ್ ಕ್ವೆರಿ ತೆರೆಯುತ್ತದೆಯೇ ನೋಡಿ. ತೆರೆದರೆ ಆ ಕ್ವೆರಿಯ ಸೆಲೆಕ್ಟ್ ಸಾಲಿನಲ್ಲಿ ಕಾಲಂ ಇಲ್ಲವೆಂದು ಕಣ್ಣಾರೆ ಕಾಣಬಹುದು. ರಿಮೂವ್‌ಗಿಂತ ಚೂಸ್ ಒಳ್ಳೆಯದು, ಏಕೆಂದರೆ ನಾಳೆ ಮೂಲದಲ್ಲಿ ಹೊಸ ಕಾಲಂ ಬಂದರೆ ರಿಮೂವ್ ಅದನ್ನು ಒಳಗೆ ಬಿಡುತ್ತದೆ, ಚೂಸ್ ಬಿಡುವುದಿಲ್ಲ.

ಇನ್‌ಕ್ರಿಮೆಂಟಲ್ ರಿಫ್ರೆಶ್ (ಇತ್ತೀಚಿನ ಅವಧಿಯ ಡೇಟಾ ಮಾತ್ರ ತರುವುದು) ಇರುವ ಮಾಡೆಲ್‌ನಲ್ಲಿ ರೇಂಜ್‌ಸ್ಟಾರ್ಟ್, ರೇಂಜ್‌ಎಂಡ್ ಫಿಲ್ಟರ್ ನಿಂತಿರುವ ದಿನಾಂಕವನ್ನು ಆ ಫಿಲ್ಟರ್ ಹಂತಕ್ಕಿಂತ ಮೊದಲು ತೆಗೆಯುವಂತಿಲ್ಲ. ಫೈಲನ್ನು ಮತ್ತೆ ಪಬ್ಲಿಶ್ ಮಾಡಿದರೆ ಹಳೆಯ ಪಾರ್ಟಿಷನ್‌ಗಳೆಲ್ಲ (ಅವಧಿವಾರು ಡೇಟಾ ಭಾಗಗಳು) ಹೋಗಿ, ಮುಂದಿನ ರಿಫ್ರೆಶ್ ಇಡೀ ಇತಿಹಾಸವನ್ನು ಮೊದಲಿಂದ ತುಂಬುತ್ತದೆ. ಎರಡು ಗಂಟೆಯ ಮಿತಿಯಿದ್ದಲ್ಲಿ ಅದು ಮುಗಿಯದೇ ಹೋಗಬಹುದು. ಎಕ್ಸ್‌ಎಂಎಲ್‌ಎ (ಹೊರಗಿನ ಉಪಕರಣ ಮಾಡೆಲ್ ತಲುಪುವ ದಾರಿ) ಇರುವ ಕಡೆ ಎಎಲ್‌ಎಂ ಟೂಲ್‌ಕಿಟ್‌ನಿಂದ ಬದಲಾವಣೆಯನ್ನು ಮಾತ್ರ ಕಳಿಸಿ, ಪಾರ್ಟಿಷನ್ ಉಳಿಸಿಕೊಳ್ಳಿ.

ಎರರ್ ಬರದೆ ಮೊತ್ತ ತಪ್ಪುವುದು

ಎಲ್ಲಕ್ಕಿಂತ ಅಪಾಯದ್ದು ಇದು. ಯಾವ ಸಂದೇಶವೂ ಬರುವುದಿಲ್ಲ, ಯಾವ ವಿಷುವಲ್ಲೂ ಒಡೆಯುವುದಿಲ್ಲ, ಅಂಕಿ ಮಾತ್ರ ಬೇರೆಯಾಗಿರುತ್ತದೆ.

ಯಶವಂತಪುರದ ಡಿಪೋದಲ್ಲಿ ಒಂದೇ ಬಿಲ್‌ನಲ್ಲಿ ಒಂದೇ ಸರಕನ್ನು ಎರಡು ಸಾಲಾಗಿ ಬರೆದಿದ್ದಾರೆ ಎನ್ನಿ. ಬಿಲ್ ನಂಬರ್, ದಿನಾಂಕ, ಸರಕು, 1,200 ರೂಪಾಯಿ ಮೊತ್ತ ಎಲ್ಲ ಒಂದೇ. ವ್ಯತ್ಯಾಸ ಸಾಲಿನ ಸಂಖ್ಯೆ 1, 2 ಎಂಬುದರಲ್ಲಿ ಮಾತ್ರ. ಸರಿಯಾದ ಮೊತ್ತ 2,400. ಸಾಲಿನ ಸಂಖ್ಯೆ ಯಾವ ಮೆಷರ್‌ನಲ್ಲೂ ಇಲ್ಲ, ವಿಷುವಲ್‌ನಲ್ಲೂ ಇಲ್ಲ. ಬೇಡದ ಕಾಲಂ ಎಂದು ಯಾವ ಉಪಕರಣವಾದರೂ ಹೇಳುತ್ತದೆ.

ಅದನ್ನು ತೆಗೆದ ಹಂತದ ಕೆಳಗೆ ಪವರ್ ಕ್ವೆರಿಯಲ್ಲಿ ರಿಮೂವ್ ಡೂಪ್ಲಿಕೇಟ್ಸ್ ಇದ್ದರೆ, ಈಗ ಎರಡು ಸಾಲುಗಳೂ ಒಂದೇ ಥರ. ಒಂದು ಹೋಗುತ್ತದೆ. ಮೊತ್ತ 1,200.

ಆ ಹಂತ ಇಲ್ಲ, ಆದರೆ ಡ್ಯಾಕ್ಸ್‌ನಲ್ಲಿ ಮಾರಾಟದ ಟೇಬಲ್ಲಿನ ಮೇಲೆ ಸಮ್‌ಎಕ್ಸ್ (ಸಾಲು ಸಾಲಾಗಿ ಲೆಕ್ಕ ಮಾಡಿ ಕೂಡುವ ಫಂಕ್ಷನ್) ನಡೆಸಿ, ಒಳಗೆ ಒಟ್ಟು ಮಾರಾಟದ ಮೆಷರ್ ಕರೆದಿದ್ದಾರೆ. ಸಾಲಿನೊಳಗೆ ಮೆಷರ್ ಕರೆದಾಗ ಕಾಂಟೆಕ್ಸ್ಟ್ ಟ್ರಾನ್ಸಿಷನ್ ನಡೆದು, ಆ ಸಾಲಿನ ಎಲ್ಲ ಕಾಲಂ ಮೌಲ್ಯಗಳೂ ಫಿಲ್ಟರ್ ಆಗುತ್ತವೆ. ಸಾಲಿನ ಸಂಖ್ಯೆ ಇದ್ದಾಗ ಆ ಫಿಲ್ಟರ್‌ಗೆ ಒಂದೇ ಸಾಲು ಸಿಗುತ್ತಿತ್ತು. ಈಗ ಎರಡೂ ಸಿಗುತ್ತವೆ. ಮೊದಲ ಸಾಲಿಗೆ 2,400, ಎರಡನೆಯದಕ್ಕೂ 2,400, ಒಟ್ಟು 4,800.

ತೆಗೆದದ್ದು ಒಂದೇ ಕಾಲಂ. ಒಂದು ಕಡೆ ಮಾರಾಟ ಅರ್ಧವಾಯಿತು, ಇನ್ನೊಂದು ಕಡೆ ಇಮ್ಮಡಿಯಾಯಿತು. ಇಂಥ ಜೋಡಿ ಸಾಲು ತಿಂಗಳಿಗೆ ಹತ್ತಿಪ್ಪತ್ತು ಮಾತ್ರ ಇದ್ದರೆ ವ್ಯತ್ಯಾಸ ಕೋಟಿಗಳ ಮೊತ್ತದಲ್ಲಿ ಕರಗಿಹೋಗುತ್ತದೆ, ಆಡಿಟ್‌ವರೆಗೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಹೋಲಿಕೆಯನ್ನು ಪೈಸೆಯವರೆಗೆ, ತಿಂಗಳು ತಿಂಗಳಾಗಿ ಮಾಡಬೇಕು. ಸಾಲಿನ ಗುರುತಿನ ಕಾಲಂ ತೆಗೆಯುವ ಮೊದಲು ಅದನ್ನು ಬಿಟ್ಟು ಉಳಿದ ಕಾಲಂಗಳ ಮೇಲೆ ಗ್ರೂಪ್ ಬೈ ಮಾಡಿ, ಎಣಿಕೆ ಒಂದಕ್ಕಿಂತ ಹೆಚ್ಚಿರುವ ಗುಂಪುಗಳಿವೆಯೇ ನೋಡಿ. ಇದ್ದರೆ ಮೊದಲು ಆ ಡ್ಯಾಕ್ಸ್ ಸರಿಪಡಿಸಿ, ಕ್ವೆರಿಯ ಡೂಪ್ಲಿಕೇಟ್ ಹಂತವನ್ನು ಕಾಲಂ ತೆಗೆಯುವ ಹಂತಕ್ಕಿಂತ ಮೇಲಕ್ಕೆ ತನ್ನಿ. ಅಥವಾ 36 ಅಕ್ಷರದ ಗುಯಿಡ್ ಬದಲು ಪೂರ್ಣಾಂಕದ ಸಾಲಿನ ಸಂಖ್ಯೆಯನ್ನು ಉಳಿಸಿಕೊಳ್ಳಿ. ಬಿಲ್‌ಗೆ ಸಾಮಾನ್ಯವಾಗಿ ಕೆಲವೇ ಸಾಲು ಇರುವುದರಿಂದ ಅದರ ತೂಕ ಏನೂ ಅಲ್ಲ.

ತೆಗೆದ ಮೇಲೆ ಬರುವ ತೊಂದರೆಗಳು

ರಿಫ್ರೆಶ್‌ನಲ್ಲಿ ಎಕ್ಸ್‌ಪ್ರೆಷನ್ ಎರರ್ ಬಂದು, ಇಂಥ ಕಾಲಂ ಟೇಬಲ್ಲಿನಲ್ಲಿ ಸಿಗಲಿಲ್ಲ ಎಂದರೆ ಕೆಳಗಿನ ಯಾವುದೋ ಹಂತ, ಬಹುತೇಕ ಚೇಂಜ್ಡ್ ಟೈಪ್, ಇನ್ನೂ ಹಳೆಯ ಹೆಸರನ್ನು ಹಿಡಿದಿದೆ. ಫಾರ್ಮುಲಾ ಬಾರ್‌ನಲ್ಲಿ ಆ ಹೆಸರಿನ ಜೋಡಿಯನ್ನು ಅಳಿಸಿದರೆ ಸಾಕು, ಇಡೀ ಹಂತವನ್ನು ಅಳಿಸಿದರೆ ಉಳಿದ ಕಾಲಂಗಳ ಟೈಪ್ ಹೋಗುತ್ತದೆ. ವಿಷುವಲ್ ಜಾಗದಲ್ಲಿ ಬೂದು ಚೌಕ ಬಂದು ಒಂದೆರಡು ಫೀಲ್ಡ್‌ಗಳಲ್ಲಿ ತೊಂದರೆಯಿದೆ ಎಂದರೆ ಸೀ ಡೀಟೇಲ್ಸ್ ಒತ್ತಿ, ಟೇಬಲ್ ಮತ್ತು ಕಾಲಂ ಹೆಸರು ಅಲ್ಲೇ ಸಿಗುತ್ತದೆ. ರಿಪೋರ್ಟ್ ಒಬ್ಬರಿಗೆ ತೆರೆದು ಇನ್ನೊಬ್ಬರಿಗೆ ತೆರೆಯದಿದ್ದರೆ ನೇರ ರೋಲ್‌ಗಳಿಗೆ ಹೋಗಿ.

ಮೆಷರ್‌ಗೋ ರಿಲೇಷನ್‌ಶಿಪ್‌ಗೋ ಬೇಕೇಬೇಕಾದ, ಆದರೆ ಯಾರೂ ನೇರವಾಗಿ ನೋಡದ ಭಾರದ ಕಾಲಂ ಉಳಿದರೆ, ಟ್ಯಾಬ್ಯುಲರ್ ಎಡಿಟರ್‌ನಲ್ಲಿ ಈಸ್ ಅವೈಲಬಲ್ ಇನ್ ಎಂಡಿಎಕ್ಸ್ ಎಂಬ ಗುಣವನ್ನು ಫಾಲ್ಸ್ ಮಾಡಿ. ಎಂಜಿನ್ ಅದಕ್ಕೆ ಹೈರಾರ್ಕಿ ಕಟ್ಟುವುದನ್ನು ಬಿಡುತ್ತದೆ, ಮೆಮೊರಿಯೂ ರಿಫ್ರೆಶ್ ಸಮಯವೂ ಉಳಿಯುತ್ತದೆ. ಎಕ್ಸೆಲ್ ಪಿವಟ್‌ನ ಸಾಲಿನಲ್ಲಿ ಬರುವ ಕಾಲಂಗೆ, ಸಾರ್ಟ್ ಬೈಗೆ ಬಳಸುವ ಕಾಲಂಗೆ ಇದನ್ನು ಮಾಡಬೇಡಿ.

ಟ್ಯಾಬ್ಲೋ ಎಂಬ ಇನ್ನೊಂದು ರಿಪೋರ್ಟ್ ಉಪಕರಣದಲ್ಲಿ ಕೆಲಸ ಮಾಡುವವರಿಗೆ ಡೇಟಾ ಪೇನ್‌ನ ಮೆನುವಿನಲ್ಲೇ ಬಳಸದ ಫೀಲ್ಡ್‌ಗಳನ್ನೆಲ್ಲ ಹೈಡ್ ಮಾಡುವ ಆಯ್ಕೆ ಇದೆ. ಅಲ್ಲಿ ಹೈಡ್ ಮಾಡಿದ ಫೀಲ್ಡ್ ಮುಂದಿನ ಎಕ್ಸ್‌ಟ್ರ್ಯಾಕ್ಟ್‌ನಿಂದಲೇ (ಅದು ಉಳಿಸಿಕೊಳ್ಳುವ ಡೇಟಾದ ಪ್ರತಿ) ಹೊರಗುಳಿಯುತ್ತದೆ, ಪವರ್ ಬಿಐನ ಹೈಡ್‌ಗೂ ಅದಕ್ಕೂ ಅರ್ಥ ಬೇರೆ. ಎರಡೂ ಉಪಕರಣ ಬಳಸುವ ತಂಡದಲ್ಲಿ ಹೈಡ್ ಮಾಡಿದ್ದೇವೆ ಎಂದು ಯಾರಾದರೂ ಹೇಳಿದರೆ, ಯಾವುದರಲ್ಲಿ ಎಂದು ಕೇಳಿಕೊಂಡು ಮುಂದುವರಿಯಿರಿ.